ಬೀಡಿನ ಮನೆಯ ಅರೆಯುವ ಕಲ್ಲು

ಇಬ್ಬರಿಗೆ ಒಂದು ರಾತ್ರಿ, ಊಟ ತಿಂಡಿ ಎಲ್ಲ ಸೇರಿ ನಾಲ್ಕೂವರೆ ಸಾವಿರ. ಬೀಡಿನ ಮನೆಯವರು ಮೊದಲು ಹೇಳಿದ್ದು ಆರು. ಒಂದೂವರೆ ಸಾವಿರ ಇಳಿದದ್ದು ನನ್ನ ಹೆಂಡತಿಗೆ ಸಿಗಡಿ ಆಗದ ಕಾರಣಕ್ಕೆ. ತಿಂದರೆ ತುಟಿ ಊದಿ, ಗಂಟಲು ಕಟ್ಟಿ, ಉಸಿರೇ ಸಿಕ್ಕಿಕೊಳ್ಳುತ್ತದೆ. ಮದುವೆಯಾದ ಹೊಸತರಲ್ಲಿ ಒಮ್ಮೆ ನೋಡಿದ್ದೆ. "ಸಿಗಡಿಯ ಪದಾರ್ಥ ಎಲ್ಲ ತೆಗೆಯಿರಿ, ಅದರ ದುಡ್ಡೂ ತೆಗೆಯಿರಿ" ಎಂದು ಫೋನಿನಲ್ಲೇ ಪಟ್ಟು ಹಿಡಿದೆ. ತಲೆಯ ಮೇಲೆ ಅಲ್ಯೂಮಿನಿಯಂ ಪಾತ್ರೆ ಹೊತ್ತು ಮಾರಿ, ಆಮೇಲೆ ಕಾಸರಗೋಡಿನಲ್ಲಿ ಅಂಗಡಿ ಇಟ್ಟವನು ನಾನು. ಹೇಳಿದ ಕ್ರಯ ಕೊಟ್ಟು ಅಭ್ಯಾಸವಿಲ್ಲ.

ಮನೆ ಅಡೂರಿನ ಆಚೆ, ಹಳೆಯ ಜಮೀನ್ದಾರರ ಬೀಡು. ಯಜಮಾನಿ ನಾಲ್ಕು ಕೋಣೆ ಸರಿ ಮಾಡಿಸಿ, ಹಳೇ ಅಡುಗೆ ಉಣ್ಣಲು ಬರುವವರಿಗೆ ಕೊಡುತ್ತಿದ್ದರು. ಹೆಬ್ಬಾಗಿಲಿನ ಒಳಗೆ ಕಾರು ಹೋಗುವುದಿಲ್ಲ, ಗದ್ದೆಯ ಬದಿಯಲ್ಲಿ ನಿಲ್ಲಿಸಿ ನಡೆಯಬೇಕು. ಅಡುಗೆಮನೆಯಲ್ಲಿ ಮಿಕ್ಸಿ ಇಲ್ಲ. ಅರೆಯುವ ಕಲ್ಲಿಗೆ ಹೊಸದಾಗಿ ಉಳಿ ಹೊಡೆಸಿದ್ದರು. ಮೈಯೆಲ್ಲ ಸಣ್ಣ ಗುಳಿ. ಯಜಮಾನಿ ಅದನ್ನು ಹೆಮ್ಮೆಯಿಂದ ತೋರಿಸಿದರು.

ಮಧ್ಯಾಹ್ನ ಬಾಳೆಲೆಗೆ ಬಸಳೆ ಪದಾರ್ಥ ಬಿತ್ತು. ಹೆಂಡತಿ ಬಡಿಸುತ್ತಿದ್ದ ಅಡುಗೆಯವಳನ್ನು ಕೇಳಿದಳು:

"ಅಕ್ಕ, ಬಸಳೆಗೆ ಒಣ ಸಿಗಡಿ ಹಾಕುವುದುಂಟಲ್ಲ?"

"ನಿಮ್ಮದಕ್ಕೆ ಇಲ್ಲ. ನಿಮ್ಮ ಯಜಮಾನ್ರು ಫೋನ್ ಮಾಡಿ ಮಾಡಿ ನಮ್ಮ ತಲೆ ತಿಂದಿದ್ದಾರೆ."

"ಅದು ನನಗೋಸ್ಕರ ಅಲ್ಲ ಅಕ್ಕ, ರೇಟಿಗೋಸ್ಕರ," ಎಂದು ಇವಳು ನಕ್ಕಳು.

ಎರಡನೇ ಸಲ ಬಡಿಸಿಕೊಂಡವಳು ಕೈ ನಿಲ್ಲಿಸಿದಳು. "ಇವರೇ, ತುಟಿ ತುರಿಸ್ತದೆ."

ಖಾರ ಇರಬೇಕು ಎಂದುಕೊಂಡು ತಿರುಗಿ ನೋಡಿದರೆ ಕೆಳತುಟಿ ಒಂದು ಬದಿಗೆ ಊದಿತ್ತು. ಚೀಲದಲ್ಲಿದ್ದ ಅಲರ್ಜಿ ಮಾತ್ರೆ ನುಂಗಿಸಿದೆ. ನೀರು ಕುಡಿದ ಮೇಲೆ ಅವಳ ಸ್ವರವೇ ಬೇರೆಯಾಯಿತು, ಯಾರೋ ಕತ್ತು ಒತ್ತಿ ಹಿಡಿದ ಹಾಗೆ.

"ಸಿಗಡಿ ಹಾಕಿದ್ದೀರಾ ಇಲ್ಲವಾ, ಸತ್ಯ ಹೇಳಿ!" ಎಂದು ಕೂಗಿದೆ.

"ದೇವರಾಣೆ ಇಲ್ಲ ಅಣ್ಣಾ."

ಹೆಂಡತಿಯನ್ನು ತೋಳಲ್ಲಿ ಆನಿಸಿಕೊಂಡು ಹೆಬ್ಬಾಗಿಲು ದಾಟುವಷ್ಟರಲ್ಲಿ ಅವಳ ಉಸಿರು ಸೀಟಿ ಹೊಡೆಯುತ್ತಿತ್ತು. ನೋಡಿದರೆ ನಮ್ಮ ಕಾರಿಗೆ ಅಡ್ಡವಾಗಿ ಇನ್ನೊಂದು ಕಾರು, ಬೆಂಗಳೂರಿನಿಂದ ಬಂದಿದ್ದವರದ್ದು. ಯಜಮಾನಿ ಕೂಗಿದ ಕೂಗಿಗೆ ಅದರ ಮಾಲಕ ಎಂಜಲು ಕೈಯಲ್ಲೇ ಓಡಿ ಬಂದು ತೆಗೆದ. ಯಜಮಾನಿಯೂ ನಮ್ಮ ಹಿಂದಿನ ಸೀಟಿನಲ್ಲಿ ಕೂತು ಇವಳನ್ನು ಎದೆಗೆ ಒರಗಿಸಿಕೊಂಡರು.

ಡಾಕ್ಟರಿರುವ ಮುಳ್ಳೇರಿಯದ ದಾರಿಯಲ್ಲಿ ಅವರೇ ಮೆಲ್ಲನೆ ಹೇಳಿದರು. "ನಿಮ್ಮ ಬಸಳೆಗೆ ಮಸಾಲೆ ಅರೆದ ಕಲ್ಲಲ್ಲೇ ಬೆಳಿಗ್ಗೆ ಬೆಂಗಳೂರಿನವರಿಗೆ ಸಿಗಡಿ ಚಟ್ನಿ ಅರೆದದ್ದು. ಅಡುಗೆಯವಳು ತೊಳೆದಿದ್ದಳು ಮಾರಾಯ್ರೆ, ನಾನೇ ನೋಡಿದ್ದೇನೆ."

ಆ ಗುಳಿಗಳು ಕಣ್ಣೆದುರು ಬಂದವು. ತೊಳೆದರೆ ಹೋಗುವಂಥದ್ದಲ್ಲ ಅದು. ಕನ್ನಡಿಯಲ್ಲಿ ಅವಳ ಎದೆ ಏರುತ್ತದಾ ಎಂದಷ್ಟೇ ನೋಡುತ್ತಾ ಓಡಿಸಿದೆ.

ಡಾಕ್ಟರು ನೋಡಿದ ಕೂಡಲೇ ಇಂಜೆಕ್ಷನ್ ಚುಚ್ಚಿದರು, ಮೂಗಿಗೆ ಆಕ್ಸಿಜನ್ ಇಟ್ಟರು. ಸೀಟಿಯ ಶಬ್ದ ಕಡಿಮೆಯಾಗುವವರೆಗೆ ನಾನು ಗೋಡೆ ಹಿಡಿದು ನಿಂತಿದ್ದೆ. ಕಣ್ಣು ಬಿಟ್ಟವಳು ಹೇಳಿದ್ದು, "ಬಸಳೆ ಮಾತ್ರ ಲಾಯ್ಕ ಇತ್ತು."

ಬೆಳಗಿನವರೆಗೆ ಅಲ್ಲೇ ಇರಬೇಕೆಂದರು. ಬೀಡಿನ ಕೋಣೆ ಖಾಲಿ ಉಳಿಯಿತು. ಸಂಜೆ ಯಜಮಾನಿ ಮನೆಗೆ ಮರಳಿ ಹೊಸ ಪಾತ್ರೆಯಲ್ಲಿ ಬರೀ ಗಂಜಿ, ಉಪ್ಪು ಕಳಿಸಿದರು.

ಇಂಥ ಮನೆಗೆ ನೀವೂ ಹೋಗಿ, ಚೌಕಾಸಿಯನ್ನೂ ಮಾಡಿ. ಆದರೆ ಮನೆಯವರಲ್ಲಿ ಯಾರಿಗಾದರೂ ಒಂದು ವಸ್ತು ಆಗದಿದ್ದರೆ, ಪದಾರ್ಥದಲ್ಲಿ ಅದುಂಟಾ ಎಂದು ಕೇಳಿ ಸುಮ್ಮನಾಗಬೇಡಿ. ಆ ಕಲ್ಲಲ್ಲಿ, ಆ ಬಾಣಲೆಯಲ್ಲಿ, ಆ ಸೌಟಿನಲ್ಲಿ ಮೊದಲು ಏನಿತ್ತು ಎಂದು ಕೇಳಿ. ನಿಮಗೆ ಬೇರೆ ಕಲ್ಲಲ್ಲೋ ಮಿಕ್ಸಿಯಲ್ಲೋ ರುಬ್ಬಲು ಹೇಳಿ, ಅದಕ್ಕೆ ನೂರಿನ್ನೂರು ಹೆಚ್ಚು ಕೇಳಿದರೆ ತುಟಿ ಬಿಚ್ಚದೆ ಕೊಡಿ. ಮಾತ್ರೆ ಉಂಟಲ್ಲ ಎಂಬ ಧೈರ್ಯದಲ್ಲಿ ಕೂರಬೇಡಿ, ಹತ್ತಿರದ ಡಾಕ್ಟರು ಎಲ್ಲಿ ಎಂಬುದನ್ನು ಉಣ್ಣುವ ಮೊದಲೇ ತಿಳಿದುಕೊಳ್ಳಿ. ಕಾರನ್ನು ಬೇರೆ ಕಾರು ಅಡ್ಡ ಬಾರದ ಹಾಗೆ, ರಸ್ತೆಗೆ ಮುಖ ಮಾಡಿಯೇ ನಿಲ್ಲಿಸಿ.