ಆಚೆಮನೆಯವರನ್ನು ಕರೆದುಕೊಂಡು ಬನ್ನಿ

ಸಾವಿತ್ರಕ್ಕ ಲೈಫ್ ಜಾಕೆಟ್ ಹಾಕಿಕೊಳ್ಳುತ್ತಿದ್ದುದು ದೋಣಿಯಲ್ಲಲ್ಲ, ಶಿರಸಿ ಬಸ್ ಸ್ಟ್ಯಾಂಡಿನಲ್ಲಿ. ಸೀರೆಯ ಮೇಲೆ ಆ ಕಿತ್ತಳೆ ಬಣ್ಣದ ಜಾಕೆಟ್ ಬಿಗಿದುಕೊಂಡು ಕುಮಟಾ ಬಸ್ಸಿನಲ್ಲಿ ಕೂತರೆ ಸಂಜೆ ಮರಳಿ ಬರುವವರೆಗೂ ಬಿಚ್ಚುತ್ತಿರಲಿಲ್ಲ. ಹಾವೇರಿ ಕಡೆಯ ಕಂಡಕ್ಟರೊಬ್ಬ, "ಅಕ್ಕಾರ, ಘಟ್ಟದಾಗ ನೀರೆಲ್ಲೈತ್ರಿ?" ಎಂದು ಕೇಳಿದ.

"ಇನ್ನೂ ಬಂದಿಲ್ಲ" ಎಂದರು.

ನಾವಿಬ್ಬರೂ ಶಿರಸಿಯ ಒಂದು ಸಣ್ಣ ಸಂಸ್ಥೆಯಲ್ಲಿದ್ದೆವು. ಹೊಳೆ ಸಮುದ್ರ ಸೇರುವಲ್ಲಿ ಒಂದು ಕುರ್ವೆ, ಅಂದರೆ ಪುಟ್ಟ ದ್ವೀಪ. ವರ್ಷದಿಂದ ವರ್ಷಕ್ಕೆ ಏರುತ್ತಿರುವ ನೀರಿಗೆ ಅಲ್ಲಿಯ ಜನ ಹೇಗೆ ಸಜ್ಜಾಗಬೇಕೆಂದು ಅವರ ಜೊತೆ ಕೂತು ಯೋಜನೆ ಮಾಡುವುದು ನಮ್ಮ ಕೆಲಸ. ಸಾವಿತ್ರಕ್ಕ ಘಟ್ಟದ ಮೇಲಿನ ತ್ಯಾಗಲಿಯವರು. ಈಜು ಬಾರದು, ಮೀನಿನ ವಾಸನೆ ಆಗದು. ಇಂಥವರನ್ನೇ ಹುಡುಕಿ ಅಲ್ಲಿಗೆ ಕಳಿಸಿದ್ದರು.

ಯಾರ ಮನೆಗೆ ನೀರು ಬರುತ್ತದೆ ಎಂದು ಮೊದಲು ನಕ್ಷೆಯ ಮೇಲೆ ಗುರುತು ಹಾಕಿಸಬೇಕಿತ್ತು. ಪ್ರತಿ ಮಳೆಗಾಲ ಒಲೆ ಮುಳುಗುವವರೂ ತಮ್ಮ ಮನೆಗೆ ನೀರಿಲ್ಲವೆಂದೇ ಸಾಧಿಸಿದರು. ನೀರು ನುಗ್ಗುವ ಮನೆಯೆಂದು ಹೆಸರಾದರೆ ಮಗನಿಗೆ ಹೆಣ್ಣು ಸಿಗುವುದಿಲ್ಲ. ನಾಗಮ್ಮ ಎಂಬ ಅಜ್ಜಿಯಂತೂ, "ನಮ್ಮನಿಗೆ ಒಂದ್ ಹನಿ ಬತ್ತಿಲ್ಲ. ಆಚೆಮನಿಗೆ ಕಿಟಕಿ ತಂಕ ಬತ್ತದೆ" ಎಂದಳು. ಆಚೆಮನೆಯವಳು ನಾಗಮ್ಮನ ಮನೆ ತೋರಿಸಿದಳು. ಎರಡೂ ಮನೆಗಳ ನಡುವೆ ಇರುವುದು ಒಂದೇ ಗೋಡೆ.

ನನಗೆ ಸಿಟ್ಟು ಬಂತು. ಹಿಂದಿನ ಮಳೆಗಾಲದಲ್ಲಿ ಹೀಗೇ ಹಟ ಹಿಡಿದು ಮನೆಯಲ್ಲೇ ಕೂತ ಮುದುಕನೊಬ್ಬ ನೀರುಪಾಲಾಗಿದ್ದ. ಇನ್ನೊಬ್ಬರು ಹೋಗುವುದಕ್ಕೆ ಹೆಚ್ಚು ದಿನ ಬೇಕಿರಲಿಲ್ಲ.

"ತಮಾ, ಸಿಟ್ಟು ಮಾಡಡ" ಎಂದರು ಸಾವಿತ್ರಕ್ಕ, ವಾಪಸ್ ಬಸ್ಸಿನಲ್ಲಿ. "ತಮ್ಮನೆದು ಹೇಳ್ತ್ವಿಲ್ಲೆ. ಪಕ್ಕದ ಮನೆದು ಎಷ್ಟು ಚೊಲೋ ಹೇಳ್ತ ನೋಡು. ಆನು ಅದನ್ನೇ ಬರೀತೆ."

ಮುಂದಿನ ಸಭೆಯಲ್ಲಿ ಯೋಜನೆ ತಯಾರಾಯಿತು. ನೀರು ಏರಿದರೆ ಯಾರೂ ತಮ್ಮ ಮನೆಗೆ ನೀರು ಬಂತೆಂದು ಒಪ್ಪಿ ಹೊರಡಬೇಕಾಗಿಲ್ಲ. ಆಚೆಮನೆಯವರನ್ನು ದಿಬ್ಬದ ಮೇಲಿನ ಶಾಲೆಗೆ ಮುಟ್ಟಿಸಿದರೆ ಸಾಕು. ಇದಕ್ಕೆ ಎಲ್ಲರೂ ಖುಷಿಯಿಂದ ಒಪ್ಪಿದರು. ನಮ್ಮ ಮೇಲಿನವರು ಮಾತ್ರ ಇದನ್ನು ಯೋಜನೆ ಎನ್ನಲು ಬರುವುದಿಲ್ಲ ಎಂದರು. ಹಾಗಿದ್ದರೆ ಬೇರೆ ಹೆಸರಿಡಿ ಎಂದು ಸಾವಿತ್ರಕ್ಕ ಫೋನ್ ಇಟ್ಟರು.

ಆ ಆಷಾಢದಲ್ಲಿ ನೀರು ಬಂತು. ನಾಗಮ್ಮ ಆಚೆಮನೆಯವಳನ್ನು, ಆಚೆಮನೆಯವಳು ನಾಗಮ್ಮನನ್ನು ಎಳೆದುಕೊಂಡು, ಒಬ್ಬರನ್ನೊಬ್ಬರು ಬೈಯುತ್ತ ದಿಬ್ಬ ಹತ್ತಿದರಂತೆ. ಮನೆಗಳು ಮುಳುಗಿದವು, ಒಬ್ಬರ ಜೀವವೂ ಹೋಗಲಿಲ್ಲ. ಸುದ್ದಿ ಕೇಳಿ ಸಾವಿತ್ರಕ್ಕ ಕಚೇರಿಯಲ್ಲಿ ಎಲ್ಲರೆದುರೇ ಅತ್ತರು. ಆಮೇಲೆ ಮುಖ ತೊಳೆದುಕೊಂಡು ಬಂದು, ಚಹಕ್ಕೆ ಸಕ್ಕರೆ ಕಡಿಮೆಯಾಗಿದೆ ಎಂದರು.

ಚಳಿಗಾಲದಲ್ಲಿ ಅವರು ತೀರಿಕೊಂಡರು. ಶಿರಸಿಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಬೆಳಿಗ್ಗೆ ಬಚ್ಚಲಲ್ಲಿ ಬಿದ್ದವರು, ಫೋನ್ ಎತ್ತಲಿಲ್ಲವೆಂದು ನಾವು ಮಧ್ಯಾಹ್ನ ಹೋಗಿ ಬಾಗಿಲು ಒಡೆಸುವವರೆಗೂ ಹಾಗೇ ಇದ್ದರು. ಬೇಗ ತಂದಿದ್ದರೆ ಉಳಿಯುತ್ತಿದ್ದರು ಎಂದರು ಡಾಕ್ಟರು. ಬೆಳಿಗ್ಗೆ ಕೂಗು ಕೇಳಿಸಿತ್ತು, ಯಾರ ಮನೆಯ ಗಲಾಟೆಯೋ ಎಂದುಕೊಂಡೆವು ಎಂದು ಪಕ್ಕದ ಮನೆಯವರು ಹೇಳಿದರು.

ಸುದ್ದಿ ತಿಳಿದು ಕುರ್ವೆಯಿಂದ ನಾಗಮ್ಮ ಆಚೆಮನೆಯವಳೊಂದಿಗೆ ಘಟ್ಟ ಹತ್ತಿ ಬಂದಳು. ಬೀಗ ಹಾಕಿದ ಬಾಗಿಲನ್ನು ನೋಡಿದಳು. ಪಕ್ಕದ ಗೇಟಿನಲ್ಲಿ ನಿಂತಿದ್ದ ಹೆಂಗಸನ್ನು, "ನೀವು ಆಚೆಮನಿಯೋರಾ?" ಎಂದು ಕೇಳಿದಳು.

"ಹೌದು. ಆದರೆ ನಮಗೆ ಅವರ ಪರಿಚಯ ಅಷ್ಟಿರಲಿಲ್ಲ."

ನಾಗಮ್ಮ ತನ್ನ ಆಚೆಮನೆಯವಳ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿನತ್ತ ಹೊರಟಳು.