ಹೊಟ್ಟೆ ಇರುವ ಫೋಟೊ

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಹೊಟ್ಟೆ ಇತ್ತು. ಸಣ್ಣಪುಟ್ಟ ಹೊಟ್ಟೆಯಲ್ಲ. ಅವರಿಗಿಂತ ಮೊದಲು ಅದು ಬಾಗಿಲು ದಾಟುತ್ತದೆ ಎಂದು ನಾನು ಎದುರಿಗೇ ಹೇಳುತ್ತಿದ್ದೆ. ಭಾವ–ಭಾವಮೈದುನರ ನಡುವೆ ಅಷ್ಟು ಸಲಿಗೆ ನಮ್ಮ ಕಡೆ ಇದ್ದದ್ದೇ. ಅವರೂ ಸುಮ್ಮನಿರುವ ಪೈಕಿಯಲ್ಲ. ಹೊಸನಗರದಲ್ಲಿ ಸಿಮೆಂಟ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಾನೊಂದು ಜಿಮ್ ನಡೆಸುತ್ತೇನೆ. ಭಾವ ಅಲ್ಲಿಗೆ ಬಂದಾಗಲೆಲ್ಲ ಗೋಡೆಯ ಮೇಲಿನ ಬಾಡಿಬಿಲ್ಡರುಗಳ ಪೋಸ್ಟರುಗಳನ್ನು ಒಂದೊಂದಾಗಿ ನೋಡಿ, "ಇವ್ರೆಲ್ಲ ಯಾವೂರಿನವ್ರು ಮಾರಾಯ? ನಮ್ಮ ತಾಲ್ಲೂಕಿನವ್ರು ಒಬ್ರೂ ಇಲ್ವಲ್ಲ. ನೀನೇ ತಯಾರು ಮಾಡಿದ್ ಮಾಲು ಒಂದಾದ್ರೂ ತೋರ್ಸು" ಅನ್ನುತ್ತಿದ್ದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ನೀವೇ ಆಗಿ ಭಾವ. ಸಿಕ್ಸ್ ಪ್ಯಾಕ್ ಬರ್ಲಿ, ಈ ಪೋಸ್ಟರೆಲ್ಲ ಹರ್ದು ನಿಮ್ ಫೋಟೊ ಹಾಕ್ತೀನಿ" ಎಂದೆ. ತಮಾಷೆಗೆ ಆಡಿದ ಮಾತು.

ಭಾವ ಲೈನ್‌ಮನ್ ಆಗಿದ್ದರು. ಮಳೆಗಾಲದಲ್ಲಿ ನಗರ ಹೋಬಳಿಯ ಕಡೆ ಎಲ್ಲಿ ಮರ ಬಿದ್ದು ಕರೆಂಟ್ ತಂತಿ ಹರಿದರೂ ಅಲ್ಲಿ ಅವರು ಇರಬೇಕು. ಕಂಬದ ತುದಿಯಲ್ಲಿ ಸೊಂಟದ ಬೆಲ್ಟಿಗೆ ಮೈಭಾರ ಬಿಟ್ಟು, ಹಿಂದಕ್ಕೆ ವಾಲಿ ನಿಂತು, ಎರಡೂ ಕೈಯಲ್ಲಿ ಕೆಲಸ ಮಾಡಬೇಕು. ಹಾಗೆ ನಿಲ್ಲುವುದಕ್ಕೆ ಬಲ ಬರುವುದು ಹೊಟ್ಟೆ, ಸೊಂಟ, ಬೆನ್ನಿನ ಸ್ನಾಯುಗಳಿಂದ. ಅವರಿಗೋ ಐದು ನಿಮಿಷಕ್ಕೆ ಸೊಂಟ ಹಿಡಿಯುತ್ತಿತ್ತು. ಬೆಲ್ಟಿನ ಕೊನೆಯ ತೂತೂ ಸಾಲದಾದಾಗ ಡಾಕ್ಟರು, ಒಂದೋ ಹೊಟ್ಟೆ ಇಳಿಸಿ, ಇಲ್ಲ ಕಂಬ ಹತ್ತುವುದು ಬಿಡಿ ಎಂದರಂತೆ. ದೀಪಾವಳಿ ಕಳೆದ ವಾರ ಅಕ್ಕ ಅವರನ್ನು ಜಿಮ್ಮಿನ ಮೆಟ್ಟಿಲು ಹತ್ತಿಸಿಕೊಂಡು ಬಂದಳು. "ತಗೋ, ಇವ್ರನ್ನ ನಿನ್ ಕೈಗೆ ಕೊಟ್ಟಿದೀನಿ. ಮೈ ವಿಷ್ಯ ನಿಂಗೆ ಗೊತ್ತಿರ್ತದೆ" ಎಂದು ಹೇಳಿ ಹೋದಳು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಮೊದಲ ದಿನವೇ ಅಂಗಿ ಬಿಚ್ಚಿಸಿ, ಕಿಟಕಿಯ ಪಕ್ಕದ ಬಿಳಿ ಗೋಡೆಗೆ ನಿಲ್ಲಿಸಿ ಫೋಟೊ ತೆಗೆದೆ. ಅದಕ್ಕೇ ಅರ್ಧ ಗಂಟೆ ಹಿಡಿಯಿತು. ಹೊಟ್ಟೆಯ ಬಗ್ಗೆ ನಾವು ನಕ್ಕರೆ ಅವರೂ ನಗುತ್ತಿದ್ದರು ನಿಜ, ಆದರೆ ಒಳಗೊಳಗೆ ನಾಚಿಕೆ. ಮದುವೆ, ಗೃಹಪ್ರವೇಶ ಎಲ್ಲಿಯೇ ಆಗಲಿ, ಫೋಟೊ ಎಂದ ಕೂಡಲೇ ಮಗಳನ್ನು ಎತ್ತಿಕೊಂಡು ಹೊಟ್ಟೆಗೆ ಅಡ್ಡ ಹಿಡಿಯುತ್ತಿದ್ದರು. ಮಗಳು ಎತ್ತಲಾರದಷ್ಟು ದೊಡ್ಡವಳಾದ ಮೇಲೆ ಯಾವುದಾದರೂ ಕುರ್ಚಿಯ ಹಿಂದೆ ಹೋಗಿ ನಿಲ್ಲುತ್ತಿದ್ದರು. ನನ್ನ ಜಿಮ್ಮಿನಲ್ಲಿ ಕುರ್ಚಿಯೂ ಇರಲಿಲ್ಲ, ಮಗಳೂ ಇರಲಿಲ್ಲ. "ಕೈ ಕೆಳಗೆ ಬಿಡಿ ಭಾವ, ಬಸುರಿ ಹೆಂಗಸಿನ ಹಾಗೆ ಹಿಡ್ಕೋಬೇಡಿ" ಎಂದೆ. ಅವರು ಹೊಟ್ಟೆ ಕುಲುಕಿಸಿ ನಕ್ಕರು. ಆ ಗಳಿಗೆಯಲ್ಲಿ ಕ್ಲಿಕ್ ಮಾಡಿದೆ.

ಬಂದವರಿಗೆಲ್ಲ ನಾನು ಹೇಳುವುದು ಒಂದೇ ಪಾಠ. ಪ್ಯಾಕು ಹೊರಗಿನಿಂದ ತಂದು ಅಂಟಿಸುವ ವಸ್ತುವಲ್ಲ, ಎಲ್ಲರ ಹೊಟ್ಟೆಯಲ್ಲೂ ಇರುತ್ತದೆ. ಮೇಲಿನ ಕೊಬ್ಬು ಕರಗಿದರೆ ಕಾಣುತ್ತದೆ. ಮಲಗಿ ಎದ್ದು ನೂರು ಕ್ರಂಚ್ ಹೊಡೆದು ಸಂಜೆ ನಾಲ್ಕು ಬೋಂಡ ತಿಂದರೆ ಏನೂ ಆಗುವುದಿಲ್ಲ. ಭಾವನಿಗೆ ಮೊದಲು ಪ್ಲ್ಯಾಂಕ್ ಕಲಿಸಿದೆ. ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿದು ನಿಲ್ಲಿಸುವುದು, ಅಷ್ಟೇ. ಇಪ್ಪತ್ತನೇ ಸೆಕೆಂಡಿಗೆ ದೊಪ್ಪೆಂದು ಬಿದ್ದರು. "ಕಂಬನೇ ವಾಸಿ ಮಾರಾಯ, ಅಲ್ಲಿ ಬಿದ್ರೆ ರಜಾ ಆದ್ರೂ ಸಿಗ್ತದೆ" ಎಂದು ಮಲಗಿಕೊಂಡೇ ಹೇಳಿದರು.

ಊಟದ ಪಟ್ಟಿಯನ್ನು ಅಕ್ಕನ ಅಡುಗೆಮನೆಯ ಬಾಗಿಲಿಗೆ ನಾನೇ ಅಂಟಿಸಿದೆ. ಮೊಟ್ಟೆಯ ಬಿಳಿ, ಮೊಳಕೆ ಹೆಸರುಕಾಳು, ಸೌತೆಕಾಯಿ, ಎಣ್ಣೆ ಇಲ್ಲದೆ ಬೇಯಿಸಿದ ಕೋಳಿ, ಒಂದು ಹಿಡಿ ಅನ್ನ. ಕಡುಬು ತಿಂಗಳಿಗೊಂದೇ ಸಲ. ಅಕ್ಕ ಪಟ್ಟಿಯನ್ನು ಓದಿ, "ಇದನ್ನ ತಿಂದು ಕಂಬ ಹತ್ತೋದಾ? ನಿನ್ ತಲೆ!" ಎಂದಳು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದರೆ ಕೋಳಿಸಾರಿನ ಜೊತೆ ಒಂಬತ್ತು ಕಡುಬು ಲೀಲಾಜಾಲವಾಗಿ ಇಳಿಸುತ್ತಿದ್ದ ಮನುಷ್ಯ ಅವರು. ಹತ್ತನೆಯದನ್ನು ಅಮ್ಮ ಬಡಿಸಲು ಬಂದಾಗ ಬೇಡವೆನ್ನುತ್ತಿದ್ದರು, ಆದರೆ ಕೈ ಅಡ್ಡ ಹಿಡಿಯುತ್ತಿರಲಿಲ್ಲ.

ಆದರೂ ಹಟಕ್ಕೆ ಬಿದ್ದು ಮಾಡಿದರು, ಸುಳ್ಳು ಹೇಳಬಾರದು. ಬೆಳಿಗ್ಗೆ ಆರಕ್ಕೆ ನಾನು ಬೀಗ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಶಿವರಾತ್ರಿಯ ಹೊತ್ತಿಗೆ ಎರಡು ನಿಮಿಷ ಪ್ಲ್ಯಾಂಕ್ ನಿಂತರು. ಕಂಬದ ಮೇಲೆ ಮುಕ್ಕಾಲು ಗಂಟೆ ನಿಂತರೂ ಸೊಂಟ ನೋಯುವುದಿಲ್ಲ ಎಂದರು. ಬೆಲ್ಟಿಗೆ ಮೊಳೆ ಬಡಿದು ಹೊಸ ತೂತು ಮಾಡಿಕೊಂಡು ಬಂದು ತೋರಿಸಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಬಂದ ಕೆಲಸ ಮುಗಿದಿತ್ತಲ್ಲ! ನನಗೆ ಮಾತ್ರ ಗೋಡೆಯ ಮೇಲೆ ಫೋಟೊ ಬೇಕಿತ್ತು.

ಯುಗಾದಿ ಆದ ಮೇಲೆ ತೂಕ ತಾನಾಗಿಯೇ ಸರಸರ ಇಳಿಯತೊಡಗಿತು. ನಾನು ಹಿಗ್ಗಿದೆ. ಕಡುಬಿನ ದಿನ ಅಮ್ಮನ ಮನೆಯಲ್ಲಿ ಎರಡನೆಯ ಕಡುಬಿಗೇ ಭಾವ ತಟ್ಟೆ ಸರಿಸಿ, "ಸಾಕು, ಹೊಟ್ಟೆ ತುಂಬ್ತು" ಎಂದರು. ಅಮ್ಮ ಬಡಿಸುವ ಕೈಯನ್ನು ಹಾಗೆಯೇ ಹಿಡಿದು ನಿಂತಳು. ನಾನು ಎಲ್ಲರೆದುರು ಚಪ್ಪಾಳೆ ತಟ್ಟಿದೆ. "ನೋಡಿ, ಮನಸ್ಸು ಗಟ್ಟಿ ಮಾಡೋದು ಅಂದ್ರೆ ಇದು!" ಎಂದೆ. ಹೌದು, ತಟ್ಟಿದೆ ಚಪ್ಪಾಳೆ.

ಒಂದು ಬೆಳಿಗ್ಗೆ ಭಾವ ಎದೆಗೂಡಿನ ಕೆಳಗೆ ಬೆರಳಿಟ್ಟು, "ಇಲ್ಲಿ ಎಂತದೋ ನೋವು ಮಾರಾಯ. ತಿಂದ ಮೇಲೆ ಜಾಸ್ತಿ" ಎಂದರು. ನಾನು ಮುಟ್ಟಿ ಕೂಡ ನೋಡಲಿಲ್ಲ. "ಸ್ನಾಯು ಏಳ್ತಾ ಇದೆ ಭಾವ, ಹಂಗೇ ನೋಯೋದು. ನೋವು ಇಲ್ದೆ ಪ್ಯಾಕ್ ಎಲ್ಲಿಂದ ಬರ್ತದೆ?" ಎಂದೆ. ಅವರು ತಲೆಯಾಡಿಸಿ ಚಾಪೆ ಹಾಸಿಕೊಂಡರು. ಆಮೇಲೆ ಆ ನೋವಿನ ಸುದ್ದಿಯನ್ನೇ ನನ್ನ ಹತ್ತಿರ ಎತ್ತಲಿಲ್ಲ.

ಇನ್ನೊಂದು ಇದೆ, ಅದನ್ನೂ ಹೇಳಿಬಿಡುತ್ತೇನೆ. ಪ್ಯಾಕು ಕಾಣತೊಡಗಿದ ಹೊತ್ತಿಗೇ ಪ್ಲ್ಯಾಂಕು ಇಳಿಯುತ್ತ ಬಂತು. ಎರಡು ನಿಮಿಷ ಇದ್ದದ್ದು ಒಂದೂವರೆಯಾಯಿತು, ಆಮೇಲೆ ಐವತ್ತು ಸೆಕೆಂಡ್. ಮೈ ನೋಡಿದರೆ ದಿನದಿಂದ ದಿನಕ್ಕೆ ಚೆಂದ, ಬಲ ನೋಡಿದರೆ ಮೊದಲ ವಾರದ ಭಾವ. ಇಷ್ಟು ವರ್ಷ ಇದೇ ಕೆಲಸ ಮಾಡಿಕೊಂಡು ಬಂದವನು ನಾನು. ಸ್ನಾಯು ಬೆಳೆದವನಿಗೆ ಬಲ ಕಡಿಮೆಯಾಗುವುದು ಹೇಗೆ ಎಂದು ಒಂದು ಗಳಿಗೆ ಕೂತು ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ, ಬೈದೆ. "ಫೋಟೊ ಹತ್ರ ಬಂತು ಅಂತ ಸೋಂಬೇರಿತನ ಶುರು ಆಯ್ತಾ ಭಾವ? ಏಳಿ ಮೇಲೆ!" ಎಂದು ಹತ್ತು ಜನರ ಮುಂದೆ ಕೂಗಿದೆ. ಅವರು ಎದ್ದರು. ತೋಳು ನಡುಗುತ್ತಿತ್ತು, ಆದರೂ ಎದ್ದು ಮತ್ತೆ ನಿಂತರು.

ಮುಂಗಾರು ಶುರುವಾಗುವ ಮುಂಚೆ ಎರಡನೆಯ ಫೋಟೊ ತೆಗೆದೆ. ಮೈಗೆ ಎಣ್ಣೆ ಸವರಿ, ಅದೇ ಬಿಳಿ ಗೋಡೆಗೆ ನಿಲ್ಲಿಸಿ, ಉಸಿರು ಬಿಗಿಹಿಡಿಯಿರಿ ಎಂದೆ. ಆರೂ ಪ್ಯಾಕು ಅಚ್ಚೊತ್ತಿದ ಹಾಗೆ ಕಂಡವು. ಎರಡನ್ನೂ ಅಕ್ಕಪಕ್ಕ ಒಂದೇ ಹಾಳೆಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕೆಳಗೆ 'ಮೊದಲು', 'ಈಗ' ಎಂದು ಬರೆಸಿ, ಪೋಸ್ಟರುಗಳನ್ನು ಹರಿದು ಅದೇ ಜಾಗದಲ್ಲಿ ತೂಗುಹಾಕಿದೆ. ಊರವರು ಬಂದು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. ಅಕ್ಕನೂ ಬಂದಿದ್ದಳು. ಬಹಳ ಹೊತ್ತು ನೋಡಿ, "ಮುಖ ನೋಡೋ. ಕಣ್ಣು ಎಷ್ಟು ಒಳಗೆ ಹೋಗಿದೆ" ಎಂದಳು.

"ಊರೆಲ್ಲ ಹೊಟ್ಟೆ ನೋಡಿದ್ರೆ ನೀನೊಬ್ಳು ಮುಖ ನೋಡು" ಎಂದು ನಾನು ಅವಳ ಬಾಯಿ ಮುಚ್ಚಿಸಿದೆ.

ಮಳೆ ಹಿಡಿದು ಹದಿನೈದು ದಿನವಾಗಿರಬೇಕು. ನಗರದ ಹತ್ತಿರ ಒಂದು ಕಂಬದ ಅರ್ಧಕ್ಕೆ ಹತ್ತಿದ ಭಾವ ಅಲ್ಲಿಂದ ಮೇಲೂ ಹೋಗಲಾರದೆ, ಕೆಳಗೂ ಇಳಿಯಲಾರದೆ ಕಂಬ ಅಪ್ಪಿಕೊಂಡು ನಿಂತರಂತೆ. ಜೊತೆಗಿದ್ದವರು ಹಗ್ಗ ಹಾಕಿ ಇಳಿಸಿದರು. ಇಳಿದವರೇ ರಕ್ತ ಕಾರಿಕೊಂಡರು. ಸಾಗರದ ಆಸ್ಪತ್ರೆಗೆ ಒಯ್ದರು. ನಾನೂ ಅಕ್ಕನೂ ಓಡಿಹೋದೆವು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಎಷ್ಟು ದಿನದಿಂದ ತೂಕ ಇಳೀತಿದೆ?" ಎಂದು ಕೇಳಿದರು.

"ನಾನೇ ಇಳಿಸಿದ್ದು ಸಾರ್" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ನೋವು ಇರಲಿಲ್ವಾ?" ಎಂದು ಭಾವನ ಕಡೆ ತಿರುಗಿದರು. ಭಾವ ನನ್ನ ಕಡೆ ಕಣ್ಣೂ ಹಾಯಿಸದೆ, "ಅಂಥದ್ದೇನಿಲ್ಲ ಸಾರ್, ಇತ್ತೀಚೆಗೆ ಒಂಚೂರು" ಎಂದುಬಿಟ್ಟರು. ನನ್ನನ್ನು ಕಾಪಾಡಲು ಹೇಳಿದ ಸುಳ್ಳು ಅದು. ಅಕ್ಕ ಪಕ್ಕದಲ್ಲೇ ಇದ್ದಳು. ನಾನು ಬಾಯಿ ಬಿಡಲಿಲ್ಲ, ಹೇಡಿ.

ಶಿವಮೊಗ್ಗದಲ್ಲಿ ಎಲ್ಲ ಪರೀಕ್ಷೆ ಮಾಡಿ ಜಠರದ ಕ್ಯಾನ್ಸರ್ ಎಂದರು, ಆಗಲೇ ಬೇರೆ ಕಡೆಗೂ ಹರಡಿತ್ತು. ಕೆಲವು ತಿಂಗಳು ಮೊದಲೇ ಬಂದಿದ್ದರೆ ಏನಾದರೂ ಆಗುತ್ತಿತ್ತೇ ಎಂದು ವರಾಂಡದಲ್ಲಿ ಡಾಕ್ಟರನ್ನು ತಡೆದು ಕೇಳಿದೆ. "ಹಾಗೆಲ್ಲ ಹೇಳೋಕಾಗಲ್ಲ ಇವ್ರೇ" ಎಂದು ಅವರು ಹೊರಟುಹೋದರು. ಭಾವನ ತಮಾಷೆ ಮಾತ್ರ ಆಸ್ಪತ್ರೆಯಲ್ಲೂ ನಿಲ್ಲಲಿಲ್ಲ. ನರ್ಸು ತೂಕ ನೋಡಿ ಬರೆದುಕೊಂಡು ಹೋದ ಮೇಲೆ ನನ್ನನ್ನು ಕರೆದು, "ನಿನ್ ಡಯಟ್ ಭಾರಿ ಗಟ್ಟಿ ಮಾರಾಯ. ನಾನ್ ಬಿಟ್ರೂ ಅದು ನನ್ನ ಬಿಡ್ತಿಲ್ಲ" ಎಂದರು. ನಾನು ನಕ್ಕೆ. ನಗಲಿ ಎಂದೇ ಅವರು ಹೇಳಿದ್ದು. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು ಅತ್ತೆ. ದೀಪಾವಳಿಗೆ ಅವರು ಇರಲಿಲ್ಲ.

ತಿಥಿಗೆ ಫೋಟೊ ಬೇಕೆಂದಾಗ ಅವಸರದಲ್ಲಿ ನಾನೇ ಆ 'ಈಗ' ಫೋಟೊವನ್ನು ಸ್ಟುಡಿಯೋಕ್ಕೆ ಕೊಟ್ಟೆ. ಅವರು ಮುಖ ದೊಡ್ಡದು ಮಾಡಿ, ಬರಿಮೈಗೆ ಕಂಪ್ಯೂಟರಿನಲ್ಲಿ ಬಿಳಿ ಅಂಗಿ ತೊಡಿಸಿ ಕೊಟ್ಟರು. ಜಿಮ್ಮಿನ ಗೋಡೆಯಿಂದ ದೊಡ್ಡ ಪ್ರಿಂಟನ್ನು ಇಳಿಸಿ, ಟವೆಲಿನಲ್ಲಿ ಸುತ್ತಿ, ಡಂಬೆಲ್ ಸ್ಟ್ಯಾಂಡಿನ ಹಿಂದೆ ಇಟ್ಟೆ. ಜಿಮ್ ಈಗಲೂ ನಡೆಯುತ್ತಿದೆ. ಯಾರಾದರೂ ಬಂದು "ತೂಕ ಬೇಗ ಬೇಗ ಇಳೀತಿದೆ ಅಣ್ಣ" ಎಂದು ಖುಷಿಯಿಂದ ಹೇಳಿದರೆ ಅವರನ್ನು ಅಲ್ಲಿಗೇ ತಡೆಯುತ್ತೇನೆ. ಡಾಕ್ಟರ ಚೀಟಿ ತರುವವರೆಗೆ ಚಾಪೆ ಮುಟ್ಟಬೇಡ ಎಂದು ಕೂಗಾಡುತ್ತೇನೆ. ತಿಕ್ಕಲು ಎಂದುಕೊಂಡು ಇಬ್ಬರು ಬಿಟ್ಟೇ ಹೋದರು. ಹೋಗಲಿ.

ಮೊನ್ನೆ ಅಕ್ಕ ಬಂದಳು, ಮಧ್ಯಾಹ್ನ, ಯಾರೂ ಇಲ್ಲದ ಹೊತ್ತು. ವರ್ಷದ ಎಡೆ ಹತ್ತಿರ ಬಂದಿತ್ತು. ತೀರಿಹೋದವರ ಫೋಟೊದೆದುರು ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಇಡುವುದು ನಮ್ಮಲ್ಲಿ ಪದ್ಧತಿ.

"ಆ ದೊಡ್ಡ ಫೋಟೊ ಇದ್ಯಾ?" ಎಂದಳು.

ತೆಗೆದು ಬಿಚ್ಚಿದೆ. ಒಂದು ಕಡೆ ಹೊಟ್ಟೆ ಕುಲುಕಿಸಿ ನಗುವ ಭಾವ, ಇನ್ನೊಂದು ಕಡೆ ಉಸಿರು ಬಿಗಿಹಿಡಿದ ಭಾವ.

"ಹೊಟ್ಟೆ ಇರೋದು ಕೊಡು" ಎಂದಳು. "ಮನೇಲಿರೋ ಫೋಟೊದಲ್ಲೆಲ್ಲ ಮಗಳನ್ನ ಅಡ್ಡ ಹಿಡಿದಿದಾರೆ, ಇಲ್ಲಾಂದ್ರೆ ಕುರ್ಚಿ. ಹೊಟ್ಟೆ ಕಾಣೋದು ಇದೊಂದೇ. ನಾನು ಕಡುಬು ಬಡಿಸ್ಬೇಕು ಮಾರಾಯ. ತಟ್ಟೆ ಸರಿಸೋ ಮುಖದ ಮುಂದೆ ಹೆಂಗೆ ಬಡಿಸ್ಲಿ? ಸ್ಟುಡಿಯೋದಲ್ಲಿ ಅಂಗಿ ಹಾಕ್ಸ್ತೀನಿ, ಹೊಟ್ಟೆ ಮಾತ್ರ ತೆಗೀಬೇಡಿ ಅಂತ ಹೇಳ್ತೀನಿ."

ಬೇರೆ ಪ್ರಿಂಟ್ ಹಾಕಿಸೋಣವೆಂದರೆ, ನನ್ನ ಫೋನಿನಲ್ಲಿದ್ದ ಫೋಟೊ ಆ ಫೋನು ಮಳೆಯಲ್ಲಿ ನೆನೆದು ಹಾಳಾದಾಗಲೇ ಹೋಗಿತ್ತು. ಕತ್ತರಿ ತಂದೆ. ಒಂದು ವರ್ಷದಿಂದ ಮುಚ್ಚಿಟ್ಟುಕೊಂಡಿದ್ದ ಮಾತು ಆಗ ಹೊರಬಂತು. "ಅಕ್ಕ, ಅವ್ರು ನೋವು ಅಂತ ನನ್ ಹತ್ರ ಹೇಳಿದ್ರು. ಎಕ್ಸರ್‌ಸೈಜ್ ನೋವು ಅಂದ್ಬಿಟ್ಟೆ ನಾನು. ಆಸ್ಪತ್ರೇಲಿ ನನಗೋಸ್ಕರ ಸುಳ್ಳು ಹೇಳಿದ್ರು."

ಅಕ್ಕ ನನ್ನ ಕೈಯಿಂದ ಕತ್ತರಿ ತೆಗೆದುಕೊಂಡಳು. "ಗೊತ್ತು. ನಂಗೂ ಹೇಳಿದ್ರು. ನಾನು ಡಾಕ್ಟ್ರ ಹತ್ರ ಹೋಗಣ ಅಂದೆ. ನಿನ್ ತಮ್ಮನೇ ಸ್ನಾಯು ಏಳೋದು ಅಂದಿದಾನೆ ಅಂದ್ರು. ಹಂಗಾದ್ರೆ ಸರಿ ಅಂದೆ" ಎಂದಳು. ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಹಾಳೆಯನ್ನು ಬೆಂಚಿನ ಮೇಲೆ ಹಾಸಿ ನಡುವೆ ನೆಟ್ಟಗೆ ಕತ್ತರಿಸಿದಳು. ನಗುವ ಭಾವನನ್ನು ಸುರುಳಿ ಸುತ್ತಿ ಸೆರಗಿನೊಳಗೆ ಇಟ್ಟುಕೊಂಡಳು. ಇನ್ನೊಂದು ಅರ್ಧವನ್ನು ನಾನು ಅವಳ ಕಡೆ ಚಾಚಿದೆ.

"ಅದು ಬೇಡ" ಎಂದಳು. "ಅದು ನೀನು ಮಾಡಿದ್ದು. ನೀನೇ ಇಟ್ಕೋ."