ಎರಡು ಸಾವಿರದ ಎಂಟುನೂರು ಸುತ್ತು

ಬೀದಿಯವರೆಲ್ಲ ಅವರನ್ನು ಗುಂಯ್ ಮಾವ ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುತ್ತಿದ್ದರೋ ಇಲ್ಲವೋ. ಗಾಜಿನ ವಾಲ್ವುಗಳ ಹಳೇ ರೇಡಿಯೋ ಯಾವುದೇ ಬರಲಿ, ಹಿಂದಿನ ಹಲಗೆ ಬಿಚ್ಚಿ, ಸ್ಕ್ರೂಡ್ರೈವರಿನ ಲೋಹಕ್ಕೆ ಬೆರಳು ತಾಗಿಸಿಕೊಂಡು, ಅದರ ತುದಿಯನ್ನು ವಾಲ್ವಿನ ಗೊತ್ತಾದ ಒಂದು ಕಾಲಿಗೆ ಮುಟ್ಟಿಸುವುದು ಅವರ ಪದ್ಧತಿ. ಅಲ್ಲಿಂದ ಮುಂದೆ ದಾರಿ ಸರಿಯಿದ್ದರೆ ಸ್ಪೀಕರು "ಗುಂಯ್" ಎನ್ನುತ್ತದೆ. ಎನ್ನದಿದ್ದರೆ ರೋಗ ಅಲ್ಲೇ ಎಲ್ಲೋ ಇದೆ.

ಆದರೆ ಅವರ ಜಂಭವೆಲ್ಲ ಹಿಂದಿನ ಕೋಣೆಯ ಕಾಯಿಲ್ ಸುತ್ತುವ ಯಂತ್ರದ ಮೇಲಿತ್ತು. ಹಿಡಿ ತಿರುಗಿಸಿದರೆ ತಂತಿ ಸುತ್ತಿಕೊಳ್ಳುತ್ತದೆ, ಪಕ್ಕದ ಮೀಟರು ಸುತ್ತು ಎಣಿಸುತ್ತದೆ. "ಮನುಷ್ಯ ತಪ್ಪಬಹುದು, ನನ್ನ ಮೀಟರು ಒಂದೇ ಒಂದು ಸುತ್ತು ತಪ್ಪಲ್ಲ" ಎಂದು ಬಂದ ಗಿರಾಕಿಗೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದರು. ಆ ಹಿಡಿ ತಿರುಗಿಸುವವಳು ತನ್ನ ಹೆಂಡತಿ ಎಂದು ಹೇಳುವುದು ಮಾತ್ರ ಅವರಿಗೆ ಯಾವತ್ತೂ ನೆನಪಾಗಲಿಲ್ಲ. ಮುಂದಿನ ಕೋಣೆಯಿಂದ ಕಿಟಕಿಯಲ್ಲಿ ಚೀಟಿ ಹೋಗುತ್ತಿತ್ತು: ಇಷ್ಟು ಸುತ್ತು, ಇಂಥ ತಂತಿ. ಮರುದಿನ ಅದೇ ಕಿಟಕಿಯಲ್ಲಿ ಕಾಯಿಲ್ ಬರುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಹೀಗೆಯೇ ನಡೆಯಿತು. ಆಮೇಲೆ ವಾಲ್ವ್ ಸೆಟ್ಟುಗಳೇ ಕಮ್ಮಿಯಾಗಿ, ಆರು ವರ್ಷದಿಂದ ಯಂತ್ರದ ಮೇಲೆ ಹಳೇ ಟವೆಲು ಹೊದಿಸಿಟ್ಟಿದ್ದರು.

ಒಂದು ಶುಕ್ರವಾರ ಮಧ್ಯಾಹ್ನ ಮೂಲೆ ಅಂಗಡಿಯ ದರ್ಜಿ ಚಾದರದಲ್ಲಿ ಸುತ್ತಿದ ದೊಡ್ಡ ಮರದ ರೇಡಿಯೋ ಹೊತ್ತು ಏದುಸಿರು ಬಿಡುತ್ತ ಬಂದ.

"ಮಾವ, ಇದು ಉಸಿರೇ ಎತ್ತುತ್ತಿಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ, ದೂರದ ಊರಲ್ಲಿ ಓದ್ತಿರೋ ನಮ್ಮ ಹುಡುಗಿ ರೇಡಿಯೋದಲ್ಲಿ ಹಾಡ್ತಾಳೆ. ಮೊದಲನೇ ಸಲ."

"ಫೋನಲ್ಲಿ ಕೇಳಿದ್ರಾಯ್ತಪ್ಪ."

"ನಮಗಾಯ್ತು. ಅಮ್ಮನಿಗೆ?"

ಮಾವ ನಾಲಿಗೆ ಕಚ್ಚಿಕೊಂಡರು. ದರ್ಜಿಯ ತಾಯಿಗೆ ಕಿವಿ ಹೋಗಿ ಹತ್ತು ವರ್ಷವಾಗಿತ್ತು. ಫೋನು, ಟೀವಿ, ಕಿವಿಗೆ ಹಾಕುವ ಮಿಷಿನ್ನು, ಯಾವುದರ ದನಿಯೂ ಆಕೆಗೆ ಮುಟ್ಟುತ್ತಿರಲಿಲ್ಲ. ಈ ರೇಡಿಯೋದ ಮರದ ಪೆಟ್ಟಿಗೆಗೆ ಕೆನ್ನೆ ಒತ್ತಿ ಕೂತರೆ ಮಾತ್ರ ದವಡೆಯ ಮೂಳೆಯೊಳಗೆ ಹಾಡು ಕೇಳುತ್ತಿತ್ತು. ಮೊಮ್ಮಗಳನ್ನು ಎತ್ತಿ ಆಡಿಸಿದ ಅಜ್ಜಿ ಅವಳ ದನಿ ಕೇಳಬೇಕಾದರೆ ಭೂಮಿಯ ಮೇಲೆ ಇದೊಂದೇ ದಾರಿ.

ಮಾವ ಪ್ಲಗ್ ಹಾಕಿದರು. ಡಯಲಿನ ದೀಪ ಹತ್ತಿತು, ವಾಲ್ವುಗಳು ಬೆಚ್ಚಗೆ ಬೆಳಗಿದವು, ಸದ್ದು ಮಾತ್ರ ಸೊನ್ನೆ. ಮೊದಲು ಬಾಯಿ ನೋಡಬೇಕು, ಆಮೇಲೆ ಗಂಟಲು ಎಂಬುದು ಅವರ ಲೆಕ್ಕ. ಪ್ಲಗ್ ತೆಗೆದು, ಸ್ಪೀಕರಿನ ತಂತಿಗಳಿಗೆ ಟಾರ್ಚಿನ ಸೆಲ್ ಮುಟ್ಟಿಸಿದರು. "ಟಕ್" ಎಂದಿತು. ಬಾಯಿ ಸರಿ. ಮತ್ತೆ ಕರೆಂಟು ಕೊಟ್ಟು ಕೊನೆಯ ವಾಲ್ವಿನ ಕಾಲಿಗೆ ಸ್ಕ್ರೂಡ್ರೈವರ್ ಮುಟ್ಟಿಸಿದರೆ ಗುಂಯ್ ಇಲ್ಲ. ಗಾಜಿನೊಳಗಿನ ಸಣ್ಣ ಜಾಲರಿ ಕಾದು ಕೆಂಪಗಾಗುತ್ತಿದ್ದುದು ಕಣ್ಣಿಗೆ ಬಿದ್ದದ್ದೇ ಥಟ್ಟನೆ ಪ್ಲಗ್ ಕಿತ್ತರು. ವಾಲ್ವಿನಿಂದ ಮುಂದೆ ಕರೆಂಟಿಗೆ ದಾರಿಯಿಲ್ಲ ಎಂಬುದರ ಗುರುತು ಅದು. ವಾಲ್ವಿಗೂ ಸ್ಪೀಕರಿಗೂ ನಡುವೆ ಬೆಂಕಿಪೊಟ್ಟಣದಷ್ಟು ದಪ್ಪದ ಒಂದು ಕಬ್ಬಿಣದ ಗಂಟು ಇರುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಅದರ ಹೊಟ್ಟೆಯೊಳಗಿನ ಕೂದಲೆಳೆಯಂಥ ತಂತಿ ಎಲ್ಲೋ ಹರಿದಿತ್ತು. ಹೊಸದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸುತ್ತಲೇಬೇಕು.

ಹೆಂಡತಿ ಒಳಗೆ ಒಗೆದ ಬಟ್ಟೆ ಮಡಚುತ್ತಿದ್ದರು.

"ಏನೇ, ಒಂದು ಕಾಯಿಲ್ ಸುತ್ತಬೇಕಿತ್ತಲ್ಲ."

"ಚೆನ್ನಾಗಿದೆ. ಸೂಜಿಗೆ ದಾರ ಪೋಣಿಸೋಕೇ ಪಕ್ಕದ ಮನೆಯವರನ್ನ ಕರೀತೀನಿ. ಆ ತಂತಿ ನನ್ನ ಕಣ್ಣಿಗೆ ಕಾಣುತ್ತೇನ್ರೀ?"

ಮಾವ ಅಜ್ಜಿಯ ವಿಷಯ ಹೇಳಿದರು. ಆಕೆ ಕೈಯಲ್ಲಿದ್ದ ಅಂಗಿಯನ್ನು ಬದಿಗಿಟ್ಟರು.

"ಅದನ್ನ ಮೊದಲೇ ಹೇಳೋಕೇನಾಗಿತ್ತು? ನಾಳೆ ಊಟ ಆದ್ಮೇಲೆ ಕೂರ್ತೀನಿ. ನೀವು ಬಂದು ಟಾರ್ಚ್ ಹಿಡೀಬೇಕು."

ಹೀಗೆ ಶನಿವಾರ ಮಧ್ಯಾಹ್ನ, ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ, ಮಾವ ಆ ಕೋಣೆಯಲ್ಲಿ ಹೆಂಡತಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಉಳಿದದ್ದು ಒಂದೇ ರೀಲು ತಂತಿ, ಒಂದು ಕಾಯಿಲಿಗೆ ಸಾಲುವಷ್ಟು. ಹಳೇ ಪುಸ್ತಕದಲ್ಲಿ ಲೆಕ್ಕವಿತ್ತು: ಸಣ್ಣ ತಂತಿ ಎರಡು ಸಾವಿರದ ಎಂಟುನೂರು ಸುತ್ತು, ಅದರ ಮೇಲೆ ದಪ್ಪ ತಂತಿ ಅರವತ್ತೆರಡು.

"ಮೀಟರು ನಾನೂರ ಹದಿನೇಳರಲ್ಲಿ ನಿಂತಿದೆ, ಸೊನ್ನೆಗೆ ತಿರುಗಿಸು" ಎಂದರು ಮಾವ.

"ಅದು ತಿರುಗಲ್ಲ."

"ಯಾವಾಗಿಂದ?"

"ದೊಡ್ಡವಳ ಮದುವೆಗೆ ಮುಂಚೆಯಿಂದ."

ದೊಡ್ಡ ಮಗಳ ಮದುವೆಯಾಗಿ ಇಪ್ಪತ್ತೆರಡು ವರ್ಷ! ಮಾವ ಟಾರ್ಚನ್ನು ಮೀಟರಿನಿಂದ ಹೆಂಡತಿಯ ಮುಖಕ್ಕೆ ತಿರುಗಿಸಿದರು.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬಿಚ್ಚಿ ಹರಡ್ಕೊಂಡು ಕೂರ್ತಿದ್ರಿ. ಊರವರ ರೇಡಿಯೋ ಎಲ್ಲಾ ಮುಗಿದ್ಮೇಲಲ್ವಾ ಮನೆ ಸಾಮಾನಿನ ಸರದಿ? ಯಂತ್ರ ಇವತ್ತಿಗೂ ತುಂಡು ತುಂಡಾಗೇ ಬಿದ್ದಿರ್ತಿತ್ತು."

ಸತ್ತ ಮೀಟರನ್ನು ಹೊಗಳುತ್ತ ಎಷ್ಟು ಗಿರಾಕಿಗಳ ಮುಂದೆ ಮೀಸೆ ತಿರುವಿದ್ದೆ ಎಂದು ಲೆಕ್ಕ ಹಾಕಲು ಹೋಗಿ ಮಾವ ಬೆವರಿದರು. ಅಷ್ಟರಲ್ಲಿ ಹಿಡಿ ತಿರುಗತೊಡಗಿತ್ತು.

ಆಕೆ ಕಣ್ಣು ಮುಚ್ಚಿಕೊಂಡಿದ್ದರು. ಬಲಗೈ ಹಿಡಿ ತಿರುಗಿಸುತ್ತಿತ್ತು, ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ತಂತಿ ಹರಿಯುತ್ತಿತ್ತು. ಒಂದು ಸುತ್ತಿನ ಮಗ್ಗುಲಿಗೆ ಇನ್ನೊಂದು ಸುತ್ತು, ಒಂದರ ಮೇಲೊಂದು ಹತ್ತದೆ, ನಡುವೆ ಸಂದು ಬಿಡದೆ ಮಲಗುತ್ತಿತ್ತು. ಒಂದು ಪದರ ತುಂಬಿದ ಕೂಡಲೇ ಕೈ ತಾನೇ ನಿಂತು, ಮೇಲೊಂದು ತೆಳು ಕಾಗದ ಸುತ್ತಿ, ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಒಂದು ಅಂಗಿ ಗುಂಡಿ ಹಾಕುತ್ತಿತ್ತು. ಪದರಕ್ಕೆ ನೂರನಲವತ್ತರಂತೆ ಇಪ್ಪತ್ತು ಪದರ, ಇಪ್ಪತ್ತು ಗುಂಡಿ. ಮೀಟರಿಲ್ಲದ ಲೆಕ್ಕ ಇಷ್ಟೇ.

"ನೂರನಲವತ್ತೇ ಆಯ್ತು ಅಂತ ಹೇಗೆ ಗೊತ್ತಾಗುತ್ತೆ?"

"ಬೆರಳಿಗೆ ಗೊತ್ತಾಗುತ್ತೆ. ಮಾತಾಡಿಸ್ಬೇಡಿ."

ಮಾತಾಡದೆ ಇರುವುದು ಮಾವನ ಜಾಯಮಾನವಲ್ಲ. ಒಂಬತ್ತನೇ ಪದರದಲ್ಲಿ ಇನ್ನೊಂದು ಪ್ರಶ್ನೆ ಕೇಳಲು ಬಗ್ಗಿದರು, ಮೊಣಕೈ ರೀಲಿಗೆ ತಗಲಿತು, ತಂತಿ ಹರಿಯಿತು. ಹರಿದದ್ದು ಅವರ ಕಣ್ಣಿಗೆ ಕಾಣುವ ಮೊದಲೇ ಆಕೆಯ ಕೈ ನಿಂತಿತ್ತು. ತಡಕಾಡಿ ಎರಡೂ ತುದಿ ಹುಡುಕಿ ಗಂಡನ ಮುಂದೆ ಹಿಡಿದು ಆಕೆ ಹೇಳಿದರು: "ಬೆಸುಗೆ ಹಾಕಿ. ಇನ್ನೊಂದು ಸಲ ಹೀಗೆ ಮಾಡಿದ್ರೆ ನಾಳೆ ಅಜ್ಜಿಯ ಮುಂದೆ ನೀವೇ ಕೂತು ಹಾಡಬೇಕಾಗುತ್ತೆ."

ಮಾವ ಉಸಿರು ಬಿಗಿಹಿಡಿದು ಬೆಸುಗೆ ಹಾಕಿದರು. ಆಮೇಲೆ ಬರೀ ನೋಡುತ್ತ ಕೂತರು. ಕಾಣದ ತಂತಿಯನ್ನು ಕಾಣದ ಕಣ್ಣಿನಿಂದ ಸುತ್ತುತ್ತಿದ್ದ ಆ ಬೆರಳುಗಳು ತಾನು ದಿನಾ ಕಾಫಿ ಲೋಟ ಇಸಿದುಕೊಳ್ಳುವ ಬೆರಳುಗಳೇ ಎಂದು ಅವರಿಗೆ ನಂಬಲಾಗಲಿಲ್ಲ.

ದಪ್ಪ ತಂತಿಯನ್ನೂ ಸುತ್ತಿ, ಕಬ್ಬಿಣದ ಪಟ್ಟಿಗಳನ್ನು ತುಂಬಿಸಿ ಮುಗಿಸುವ ಹೊತ್ತಿಗೆ ಐದು ಗಂಟೆ. ಮಾವ ಒಂದು ಕಡೆಯಿಂದ ಚೂರು ಕರೆಂಟು ಕೊಟ್ಟು ಇನ್ನೊಂದು ಕಡೆ ಅಳೆದರು. ಸುತ್ತು ಸರಿಯಿದ್ದರೆ ಕೊಟ್ಟದ್ದರ ನಲವತ್ತೈದರಲ್ಲಿ ಒಂದು ಪಾಲು ಬರಬೇಕು. ಮುಳ್ಳು ನೇರ ಅಲ್ಲೇ ಹೋಗಿ ನಿಂತಿತು. ಇನ್ನೊಮ್ಮೆ ಅಳೆದರು. ಅಲ್ಲೇ. ಮೀಟರು ಸತ್ತ ಮೇಲೆ ಹದಿನಾರಕ್ಕೂ ಹೆಚ್ಚು ವರ್ಷ ಕಿಟಕಿಯಲ್ಲಿ ಬಂದ ನೂರಾರು ಕಾಯಿಲುಗಳು, ಒಂದೂ ತಪ್ಪದೆ, ಎಲ್ಲಾ ಈ ಹೆಬ್ಬೆರಳಿನ ಲೆಕ್ಕ!

"ನಾಳೆ ನೀನೂ ಬರಬೇಕು" ಎಂದರು.

"ನಾನ್ಯಾಕೆ? ರಿಪೇರಿಯವರು ನೀವು."

"ಬಾ ಅಂದ್ನಲ್ಲ."

ಭಾನುವಾರ ಹತ್ತಕ್ಕೆ ಐದು ನಿಮಿಷವಿರುವಾಗ ದರ್ಜಿಯ ಮನೆಯಲ್ಲಿ ರೇಡಿಯೋ ಹೊಲಿಗೆ ಯಂತ್ರದ ಪಕ್ಕ ಕೂತಿತ್ತು. ಕುಟುಂಬದವರೆಲ್ಲ ಉಗುರು ಕಚ್ಚುತ್ತಿದ್ದರು. ಅಜ್ಜಿ ಕುರ್ಚಿ ಎಳೆದು ಪೆಟ್ಟಿಗೆಗೆ ಕೆನ್ನೆ ಒತ್ತಿದರು. ರೇಡಿಯೋದಲ್ಲಿ ಮೊಮ್ಮಗಳ ಹೆಸರು ಹೇಳಿದರು, ತಂಬೂರಿ ಮಿಡಿಯಿತು, ಹಾಡು ಎದ್ದು ಬಂತು. ಮನೆಯವರು ಕಣ್ಣೊರೆಸಿಕೊಂಡರು. ಅಜ್ಜಿಯ ಮುಖ ಮಾತ್ರ ಅಲುಗಲಿಲ್ಲ. ಕೇಳುತ್ತಿದೆಯೋ ಇಲ್ಲವೋ ತಿಳಿಯದೆ ಮಾವ ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದರು. ಹಾಡು ಮುಗಿಯಿತು. ಅಜ್ಜಿ ತಲೆ ಎತ್ತಿ ಮಗನನ್ನು ಗದರಿಸಿದರು.

"ಹುಡುಗಿಗೆ ನೆಗಡಿ ಆಗಿದೆ ಕಣೋ. ಮೇಲಿನ ಸ್ವರದಲ್ಲಿ ಮೂಗು ಕಟ್ತಾ ಇತ್ತು. ಬಿಸಿನೀರು ಕುಡಿಯೋಕೆ ಹೇಳೋಕೂ ಆಗಲಿಲ್ವಾ ನಿಮಗೆ?"

ಕಿವಿ ನೆಟ್ಟಗಿದ್ದ ಒಬ್ಬರಿಗೂ ಅದು ಗೊತ್ತಾಗಿರಲಿಲ್ಲ. ದರ್ಜಿ ಮಗಳಿಗೆ ಫೋನ್ ಮಾಡಿ ಕೇಳಿದ. ಹೌದು, ಎರಡು ದಿನದಿಂದ ನೆಗಡಿ. ಮನೆಯಿಡೀ ನಕ್ಕಿತು, ಅತ್ತಿತು. ಅಜ್ಜಿ ಕಣ್ತುಂಬಿಕೊಂಡು ಮಾವನ ಕೈ ಹಿಡಿದು, "ನಿನ್ನ ಕೈಗುಣ ದೊಡ್ಡದಪ್ಪ" ಎಂದರು.

ಮಾವ ಆ ಕೈ ಬಿಡಿಸಿಕೊಂಡು, ಬಾಗಿಲ ಬಳಿ ನಿಂತಿದ್ದ ಹೆಂಡತಿಯನ್ನು ಎಳೆದು ತಂದು, ಆಕೆಯ ಹೆಬ್ಬೆರಳನ್ನು ಅಜ್ಜಿಯ ಅಂಗೈಯಲ್ಲಿಟ್ಟರು. ಅಜ್ಜಿಗೆ ಕೇಳುವುದಿಲ್ಲ ಎಂಬುದನ್ನೂ ಮರೆತು, ಮನೆಯವರಿಗೆಲ್ಲ ಕೇಳುವಂತೆ ಜೋರಾಗಿ ಹೇಳಿದರು: "ನನ್ನದಲ್ಲಮ್ಮ, ಇವಳದು. ಮೊದಲಿನಿಂದಲೂ ಇವಳದೇ."